ಎದೆ ಆಪರೇಷನ್ ಆಯಿತು, ಮುಂದೇನು?



ನಾವು ದಾದಿಯರು. ಹೃದಯದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇವೆ. ಎದೆ ಆಪರೇಷನ್ ಆದವರನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಹಗಲು ಪಾಳಿ ಮುಗಿಸಿ ಇವತ್ತು ನಿಮ್ಮ ಕಲಿಕೆ ಕೇಂದ್ರಕ್ಕೆ ಬಂದಿದ್ದೇವೆ. ನೀವೂ ಹಾಗೇ. ಹೊಲದ ಕೆಲಸ ಮುಗಿಸಿ, ದನಕ್ಕೆ ಹುಲ್ಲು ಹಾಕಿ, ಪುಸ್ತಕ ಹಿಡಿದು ಬಂದಿದ್ದೀರಿ. ಅದಕ್ಕೇ ದೊಡ್ಡ ಭಾಷಣ ಬೇಡ. ನಾವು ದಿನಾ ಕಣ್ಣಾರೆ ಕಾಣುವುದನ್ನು ಹೇಳುತ್ತೇವೆ. ತಿಳಿಯದಿದ್ದರೆ ನಡುವೆಯೇ ನಿಲ್ಲಿಸಿ ಕೇಳಿ.

ನಾವು ಮಾಡಿದ ತಪ್ಪು

ಮೊದಲು ನಾವು ಮಾಡಿದ ಒಂದು ತಪ್ಪನ್ನು ಹೇಳುತ್ತೇವೆ.

ಕೆಲವು ವರ್ಷದ ಹಿಂದೆ ಒಬ್ಬ ಅಕ್ಕ ನಮ್ಮ ವಾರ್ಡಿಗೆ ಬಂದರು. ವಯಸ್ಸು ನಲವತ್ತರ ಮೇಲೆ. ಚಿಕ್ಕಂದಿನಲ್ಲಿ ಅವರಿಗೆ ಕೀಲುನೋವಿನ ಜ್ವರ ಬಂದಿತ್ತು. ಆ ಜ್ವರ ಅವರ ಹೃದಯದ ಕವಾಟವನ್ನು ಕೆಡಿಸಿತ್ತು. ಡಾಕ್ಟರು ಆಪರೇಷನ್ ಮಾಡಿ ಲೋಹದ ಕವಾಟ ಕೂರಿಸಿದರು. ಅಕ್ಕ ಚೆನ್ನಾಗಿ ಚೇತರಿಸಿಕೊಂಡರು. ಎಂಟನೇ ದಿನ ಮನೆಗೆ ಹೊರಟರು.

ಹೊರಡುವ ದಿನ ವಾರ್ಡಿನಲ್ಲಿ ಬಹಳ ಗಡಿಬಿಡಿ. ನಾವು ಅವರ ಕೈಗೆ ಒಂದು ಕಾಗದ ಕೊಟ್ಟೆವು. ಕಾಗದ ಇಂಗ್ಲಿಷಿನಲ್ಲಿತ್ತು. ‘ಈ ಗುಳಿಗೆ ಬಿಡಬೇಡಿ ಅಕ್ಕಾ’ ಅಂತ ಅವಸರದಲ್ಲಿ ಹೇಳಿದೆವು. ಅವರು ತಲೆ ಆಡಿಸಿದರು. ಅವರಿಗೆ ಓದು ಬರುತ್ತದೆಯೇ ಅಂತ ನಾವು ಕೇಳಲಿಲ್ಲ. ಯಾಕೆ ಬಿಡಬಾರದು ಅಂತಲೂ ಬಿಡಿಸಿ ಹೇಳಲಿಲ್ಲ.

ನಾಲ್ಕು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಗುಳಿಗೆ ಮುಗಿಯಿತು. ‘ಈಗ ಆರಾಮಾಗಿದ್ದೀನಲ್ಲ, ಇನ್ಯಾಕೆ ದುಡ್ಡು ಖರ್ಚು’ ಅಂದುಕೊಂಡು ಅಕ್ಕ ಸುಮ್ಮನಾದರು. ಯಾರನ್ನೂ ಕೇಳಲಿಲ್ಲ.

ಲೋಹದ ಕವಾಟ ಹಾಕಿದವರ ಎದೆಯಲ್ಲಿ ಸಣ್ಣಗೆ ಟಿಕ್ ಟಿಕ್ ಶಬ್ದ ಬರುತ್ತದೆ. ರಾತ್ರಿ ಮನೆ ಸದ್ದಡಗಿದಾಗ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ. ಆ ಮನೆಯ ಸೊಸೆಗೆ ಆ ಶಬ್ದ ರೂಢಿಯಾಗಿತ್ತು. ಒಂದು ರಾತ್ರಿ ಅವಳು ಕೇಳಿದಳು:

‘ಅತ್ತೆ, ನಿಮ್ಮೆದೆ ಗಡಿಯಾರ ಯಾಕೆ ಕೇಳಿಸ್ತಿಲ್ಲ?’

ಅತ್ತೆಗೆ ಆಗಲೇ ಉಬ್ಬಸ ಶುರುವಾಗಿತ್ತು. ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದರು. ಸೊಸೆ ಬೆಳಗಾಗುವವರೆಗೆ ಕಾಯಲಿಲ್ಲ. 108ಕ್ಕೆ ಫೋನ್ ಮಾಡಿಸಿದಳು. ಆಸ್ಪತ್ರೆಗೆ ತಂದು ನೋಡಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಕವಾಟ ಸರಿಯಾಗಿ ತೆರೆಯುತ್ತಿರಲಿಲ್ಲ. ಹೆಪ್ಪು ಕರಗಿಸುವ ಔಷಧಿ ಕೊಟ್ಟರು. ಅಕ್ಕನ ಜೀವ ಉಳಿಯಿತು. ಅದು ಸೊಸೆಯ ಕಿವಿಯಿಂದ ಉಳಿದ ಜೀವ. ನಮ್ಮ ಕಾಗದದಿಂದ ಉಳಿದದ್ದಲ್ಲ.

ಅವತ್ತು ನಾವು ದಾದಿಯರೆಲ್ಲ ಕೂತು ಮಾತಾಡಿದೆವು. ಆಪರೇಷನ್ ಮಾಡುವುದು ಡಾಕ್ಟರು. ಆದರೆ ಆಮೇಲಿನ ಮೂರು ತಿಂಗಳು, ಆಮೇಲಿನ ಇಡೀ ಜೀವನ ನಡೆಯುವುದು ಮನೆಯಲ್ಲಿ. ಮನೆಯಲ್ಲಿ ನೋಡಿಕೊಳ್ಳುವವರು ಹೆಂಗಸರು. ಅವರಿಗೇ ತಿಳಿಯದಿದ್ದರೆ ಹೇಗೆ? ಅದಕ್ಕೇ ಇಲ್ಲಿಗೆ ಬಂದಿದ್ದೇವೆ.

ಆಪರೇಷನ್ ಅಂದರೆ ಏನು ಮಾಡುತ್ತಾರೆ?

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ಹಗಲೂ ರಾತ್ರಿ ಮೈಗೆಲ್ಲ ರಕ್ತ ತಳ್ಳುತ್ತದೆ. ಬಾವಿಯ ಪಂಪಿನ ಹಾಗೆ. ಪಂಪು ಎರಡು ರೀತಿ ಕೆಡಬಹುದು.

ಒಂದು, ಪಂಪಿಗೇ ರಕ್ತ ಒಯ್ಯುವ ಕೊಳವೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಬೈಪಾಸ್ ಆಪರೇಷನ್ ಮಾಡುತ್ತಾರೆ. ಕಾಲುವೆಯಲ್ಲಿ ಮಣ್ಣು ತುಂಬಿದರೆ ನಾವು ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡುವುದಿಲ್ಲವೇ? ಹಾಗೇ ಇದು. ಕಾಲಿನಿಂದಲೋ, ಎದೆಯ ಒಳಗಿನಿಂದಲೋ ರಕ್ತನಾಳ ತೆಗೆದು ಹೃದಯಕ್ಕೆ ಹೊಸ ದಾರಿ ಮಾಡುತ್ತಾರೆ. ಕಾಲಿನ ರಕ್ತನಾಳದಿಂದ ಹೀಗೆ ಮಾಡುವುದನ್ನು 1967ರಲ್ಲಿ ರೆನೆ ಫವಲೋರೊ ಎಂಬ ಡಾಕ್ಟರು ಅಮೆರಿಕದಲ್ಲಿ ರೂಢಿಗೆ ತಂದರು. ಅವರು ಅರ್ಜೆಂಟೀನಾ ದೇಶದವರು. ಅಪ್ಪ ಬಡಗಿ. ತಾಯಿ ಬಟ್ಟೆ ಹೊಲಿಯುತ್ತಿದ್ದರು. ಫವಲೋರೊ ಹಳ್ಳಿಯ ಡಾಕ್ಟರಾಗಿ ಹಲವು ವರ್ಷ ಕೆಲಸ ಮಾಡಿದವರು.

ಎರಡು, ಪಂಪಿನ ಒಳಗಿನ ಬಾಗಿಲು ಕೆಡುತ್ತದೆ. ಈ ಬಾಗಿಲಿಗೇ ಕವಾಟ ಅಂತ ಹೆಸರು. ಕೆಟ್ಟ ಕವಾಟವನ್ನು ರಿಪೇರಿ ಮಾಡುತ್ತಾರೆ. ಆಗದಿದ್ದರೆ ಬೇರೆ ಕವಾಟ ಕೂರಿಸುತ್ತಾರೆ. ನಮ್ಮ ದೇಶದಲ್ಲೇ ಕವಾಟ ತಯಾರಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪಿಸಿದ ಕವಾಟವನ್ನು ಮೊದಲ ಸಲ ರೋಗಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಹೊರದೇಶದ ಕವಾಟಕ್ಕಿಂತ ಇದರ ಬೆಲೆ ಕಡಿಮೆ.

ಎರಡರಲ್ಲೂ ಸಾಮಾನ್ಯವಾಗಿ ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಮೂಳೆಯನ್ನು ಸ್ಟೀಲಿನ ತಂತಿಯಿಂದ ಬಿಗಿದು ಕಟ್ಟುತ್ತಾರೆ. ಆ ತಂತಿ ಒಳಗೇ ಇರುತ್ತದೆ. ತೆಗೆಯುವುದಿಲ್ಲ. ಅದರಿಂದ ತೊಂದರೆ ಇಲ್ಲ. ಆದರೆ ಇದನ್ನು ನೆನಪಿಡಿ. ಮುಂದೆ ನಾವು ಹೇಳುವ ಅರ್ಧ ಮಾತು ಈ ಮೂಳೆಯದೇ.

ಮೊದಲ ಎರಡು ಮೂರು ದಿನ

ಆಪರೇಷನ್ ಮೂರರಿಂದ ಆರು ಗಂಟೆ ಹಿಡಿಯುತ್ತದೆ. ಕೆಲವರಿಗೆ ಇನ್ನೂ ಹೆಚ್ಚು. ಹೊರಗೆ ಕಾಯುವವರಿಗೆ ಅದು ಒಂದು ಯುಗ. ತಡವಾದರೆ ಕೆಟ್ಟದ್ದೇ ಆಯಿತು ಅಂತ ತಿಳಿಯಬೇಡಿ.

ಆಮೇಲೆ ರೋಗಿಯನ್ನು ಐಸಿಯುಗೆ ತರುತ್ತಾರೆ. ಒಳಗೆ ಹೋಗಿ ನೋಡಿದವರು ಹೆದರಿ ಅಳುತ್ತಾರೆ. ಯಾಕೆಂದರೆ ಮೈತುಂಬ ಕೊಳವೆ. ಬಾಯಿಗೆ ಒಂದು ಕೊಳವೆ. ಅದು ಉಸಿರಾಟದ್ದು. ಕತ್ತಿಗೆ ಒಂದು. ಅದು ಔಷಧಿಗೆ. ಎದೆಯ ಕೆಳಗೆ ಒಂದೆರಡು. ಅವು ಒಳಗೆ ಉಳಿದ ರಕ್ತ ಹೊರಗೆ ಹರಿಸಲು. ಮೂತ್ರಕ್ಕೆ ಒಂದು. ಮುಖ ಊದಿರುತ್ತದೆ. ಮೈ ತಣ್ಣಗಿರುತ್ತದೆ. ಯಂತ್ರಗಳು ಕೂಗುತ್ತಿರುತ್ತವೆ. ಇದೆಲ್ಲ ನಿರೀಕ್ಷೆ ಮಾಡಿದ್ದೇ. ಗಾಬರಿ ಬೇಡ.

ಬಾಯಿಯ ಕೊಳವೆ ಇರುವಾಗ ರೋಗಿಗೆ ಮಾತಾಡಲು ಆಗುವುದಿಲ್ಲ. ಎಚ್ಚರ ಬಂದ ಮೇಲೆ, ಉಸಿರು ಸರಿಯಾದ ಮೇಲೆ ಅದನ್ನು ತೆಗೆಯುತ್ತಾರೆ. ಹೆಚ್ಚಿನವರಿಗೆ ಒಂದು ದಿನದೊಳಗೆ ತೆಗೆಯುತ್ತಾರೆ. ಆಮೇಲೆ ಗಂಟಲು ನೋವು, ಗೊಗ್ಗರು ದನಿ ಸ್ವಲ್ಪ ದಿನ ಇರುತ್ತದೆ.

ಇನ್ನೊಂದು ಮಾತು. ಕೆಲವರು, ಅದರಲ್ಲೂ ವಯಸ್ಸಾದವರು, ಐಸಿಯುನಲ್ಲಿ ಏನೇನೋ ಮಾತಾಡುತ್ತಾರೆ. ಸತ್ತುಹೋದ ತಾಯಿ ಬಂದಿದ್ದಾಳೆ ಅಂತಾರೆ. ಮಕ್ಕಳ ಗುರುತು ಹಿಡಿಯುವುದಿಲ್ಲ. ಕೊಳವೆ ಕೀಳಲು ಹೋಗುತ್ತಾರೆ. ಮನೆಯವರು ‘ಗಾಳಿ ಸೋಕಿದೆ’ ಅಂತ ತಾಯಿತ ತರುತ್ತಾರೆ. ಗಾಳಿಯೂ ಇಲ್ಲ, ದೆವ್ವವೂ ಇಲ್ಲ. ಔಷಧಿಯ ಮಂಪರು, ನೋವು, ನಿದ್ದೆಗೇಡು, ಹಗಲು ರಾತ್ರಿ ತಿಳಿಯದ ಕೋಣೆ, ಇವುಗಳಿಂದ ಹೀಗಾಗುತ್ತದೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಸರಿಹೋಗುತ್ತದೆ. ನೀವು ಹತ್ತಿರ ಕೂತು ಮೆಲ್ಲಗೆ ಹೇಳಿ: ‘ನಾನು ಬಂದಿದ್ದೀನಿ. ಇದು ಆಸ್ಪತ್ರೆ. ಇವತ್ತು ಸೋಮವಾರ. ಆಪರೇಷನ್ ಚೆನ್ನಾಗಿ ಆಗಿದೆ.’ ಕನ್ನಡಕ ಇದ್ದರೆ ಹಾಕಿ. ವಾದ ಮಾಡಬೇಡಿ. ಡಾಕ್ಟರಿಗೂ ತಿಳಿಸಿ.

ವಾರ್ಡಿನಲ್ಲಿ

ಎರಡು ಮೂರು ದಿನದ ಮೇಲೆ ವಾರ್ಡಿಗೆ ತರುತ್ತೇವೆ. ಎಲ್ಲ ಸರಿಯಾಗಿದ್ದರೆ ಒಟ್ಟು ಒಂದು ವಾರ, ಹತ್ತು ದಿನಕ್ಕೆ ಮನೆ.

ವಾರ್ಡಿನಲ್ಲಿ ನಾವು ರೋಗಿಯನ್ನು ಎಬ್ಬಿಸಿ ಕೂರಿಸುತ್ತೇವೆ. ಕೈ ಹಿಡಿದು ನಡೆಸುತ್ತೇವೆ. ಮನೆಯವರಿಗೆ ಸಿಟ್ಟು ಬರುತ್ತದೆ. ‘ಎದೆ ಕೊಯ್ದಿದ್ದಾರೆ, ಮಲಗಲು ಬಿಡಿ ಸಿಸ್ಟರ್’ ಅಂತಾರೆ. ಮಲಗಿಯೇ ಇದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ನಡೆಸುವುದು.

ಮೂರು ಚೆಂಡಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತೇವೆ. ಉಸಿರು ಒಳಗೆ ಎಳೆದರೆ ಚೆಂಡು ಮೇಲೇಳುತ್ತದೆ. ಇದು ಆಟದ ಸಾಮಾನಲ್ಲ. ಶ್ವಾಸಕೋಶ ಅರಳಿಸುವ ಕಸರತ್ತು. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಮಾಡಿಸಿ. ಕೆಮ್ಮುವಾಗ ಒಂದು ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮಬೇಕು. ಆಗ ಮೂಳೆಗೆ ಪೆಟ್ಟು ಬೀಳುವುದಿಲ್ಲ. ನೋವು ಕಡಿಮೆ. ಸೀನುವಾಗಲೂ ಹಾಗೇ.

ನೋವಿದ್ದರೆ ಹೇಳಿ. ನಮ್ಮ ಹೆಂಗಸರು ಹಲ್ಲು ಕಚ್ಚಿ ಸಹಿಸುತ್ತಾರೆ. ಹೆರಿಗೆ ನೋವು ತಡೆದವಳಿಗೆ ಇದೇನು ಅಂತಾರೆ. ನೋವು ಇದ್ದರೆ ಉಸಿರು ಆಳಕ್ಕೆ ಎಳೆಯಲಾಗುವುದಿಲ್ಲ. ಕೆಮ್ಮಲಾಗುವುದಿಲ್ಲ. ಕಫ ಉಳಿಯುತ್ತದೆ. ನೋವಿನ ಗುಳಿಗೆ ಕೇಳುವುದು ನಾಚಿಕೆಯಲ್ಲ.

ಮನೆಯಲ್ಲಿ ಮೂರು ತಿಂಗಳು

ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಹೊರಗಿನ ಗಾಯ ಬೇಗ ಒಣಗುತ್ತದೆ. ಅದನ್ನು ನೋಡಿ ಮೋಸ ಹೋಗಬೇಡಿ. ಒಳಗೆ ಮೂಳೆ ಇನ್ನೂ ಹಸಿ.

ಈ ಮೂರು ತಿಂಗಳು ಎರಡು ಮೂರು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದು. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರು ಒಂದು ಕಿಲೋ. ತುಂಬಿದ ಬಿಂದಿಗೆ ಎಷ್ಟು ಕಿಲೋ? ಹತ್ತರ ಮೇಲೆ. ಒಂದು ವರ್ಷದ ಕೂಸು? ಎಂಟು ಒಂಬತ್ತು ಕಿಲೋ. ಕೂಸನ್ನು ಎತ್ತಬೇಡಿ. ಕೂತುಕೊಂಡು, ಬೇರೆಯವರಿಂದ ಪಕ್ಕದಲ್ಲಿ ಕೂರಿಸಿಕೊಂಡು ಮುದ್ದಾಡಿ.

ಬಾವಿ ಸೇದುವುದು, ಬೋರ್‌ವೆಲ್ ಒತ್ತುವುದು, ಬಟ್ಟೆ ಒಗೆಯುವುದು, ರುಬ್ಬುವುದು, ಮುದ್ದೆ ತಿರುವುವುದು, ಸೌದೆ ಒಡೆಯುವುದು, ಹಾಲು ಕರೆಯುವುದು, ಇವೆಲ್ಲ ಎದೆಮೂಳೆಯನ್ನು ಎಳೆಯುತ್ತವೆ. ಮೂರು ತಿಂಗಳು ಬೇಡ. ಬೈಕು, ಸ್ಕೂಟರ್ ಓಡಿಸುವುದೂ ಬೇಡ. ಮೂರು ತಿಂಗಳಾದ ಮೇಲೂ ಡಾಕ್ಟರು ನೋಡಿ ಹೇಳಿದ ಮೇಲೆಯೇ ಮೊದಲಿನ ಕೆಲಸ.

ಇಲ್ಲಿ ನಾವು ಒಂದು ಮಾತು ನೇರವಾಗಿ ಹೇಳಬೇಕು. ಗಂಡಸಿಗೆ ಆಪರೇಷನ್ ಆದರೆ ಮನೆಯೆಲ್ಲ ಅವನ ಸೇವೆಗೆ ನಿಲ್ಲುತ್ತದೆ. ಹೆಂಗಸಿಗೆ ಆದರೆ? ಮನೆಗೆ ಹೋದ ಹದಿನೈದು ದಿನಕ್ಕೇ ಒಲೆ ಮುಂದೆ ಇರುತ್ತಾಳೆ. ಯಾರೂ ಹೇಳದಿದ್ದರೂ ಅವಳೇ ಏಳುತ್ತಾಳೆ. ‘ಸುಮ್ಮನೆ ಕೂತು ತಿನ್ನೋಕೆ ಸಂಕಟ ಆಗುತ್ತೆ’ ಅಂತಾಳೆ. ಹೀಗೆ ಬಿಂದಿಗೆ ಎತ್ತಿ, ಮೂಳೆ ಕಟ್ಟು ಸಡಿಲವಾಗಿ ಮತ್ತೆ ಬಂದವರನ್ನು ನಾವು ನೋಡಿದ್ದೇವೆ. ಅವಳ ವಿಶ್ರಾಂತಿ ಸೋಮಾರಿತನವಲ್ಲ. ಅದೂ ಔಷಧಿಯೇ. ಮನೆಯ ಗಂಡಸರಿಗೆ ಇದನ್ನು ಓದಿ ಹೇಳಿ. ಮೂರು ತಿಂಗಳು ನೀರು ತರುವವರು ಯಾರು, ಬಟ್ಟೆ ಒಗೆಯುವವರು ಯಾರು ಅಂತ ಆಪರೇಷನ್‌ಗೆ ಮೊದಲೇ ಮಾತಾಡಿ ಗೊತ್ತುಮಾಡಿ.

ಮಲಗುವುದು, ಏಳುವುದು ಹೇಗೆ? ಮಂಚ ಇದ್ದರೆ ಒಳ್ಳೆಯದು. ನೆಲದಿಂದ ಏಳುವಾಗ ಕೈ ಊರಬೇಕಾಗುತ್ತದೆ. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ. ಕಾಲು ಕೆಳಗೆ ಬಿಡಿ. ಮೆಲ್ಲಗೆ ಕೂತುಕೊಳ್ಳಿ. ಒಂದು ನಿಮಿಷ ಕೂತು ಆಮೇಲೆ ಏಳಿ. ತೋಳು ಹಿಡಿದು ಯಾರೂ ಎಳೆಯಬಾರದು. ಬೆನ್ನಿಗೆ ಕೈ ಕೊಟ್ಟು ಏಳಿಸಿ. ಕುಕ್ಕರುಗಾಲಿನಲ್ಲಿ ಕೂರುವುದೂ ಮೊದಲಿಗೆ ಕಷ್ಟ. ನಡುವೆ ತೂತು ಕೊರೆದ ಕುರ್ಚಿಯನ್ನು ಕಕ್ಕಸಿನ ಮೇಲೆ ಇಟ್ಟುಕೊಳ್ಳಬಹುದು. ಮುಕ್ಕಿರಿಯಬಾರದು. ಸೊಪ್ಪು, ತರಕಾರಿ, ಬಾಳೆಹಣ್ಣು ಕೊಡಿ. ಆದರೂ ಮಲಬದ್ಧತೆ ಇದ್ದರೆ ಡಾಕ್ಟರನ್ನು ಕೇಳಿ.

ದಿನಾ ನಡೆಯಬೇಕು. ಮೊದಲ ವಾರ ಅಂಗಳದಲ್ಲಿ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಒಂದೂವರೆ ತಿಂಗಳ ಹೊತ್ತಿಗೆ ಅರ್ಧ ಗಂಟೆ. ನಡೆಯುತ್ತಾ ಮಾತಾಡಲು ಆಗಬೇಕು. ಮಾತಾಡಲು ಉಸಿರು ಸಾಲದಿದ್ದರೆ ನಿಂತುಬಿಡಿ.

ಗಾಯ ನೋಡಿಕೊಳ್ಳುವುದು

ಡಾಕ್ಟರು ಸ್ನಾನ ಮಾಡಬಹುದು ಅಂದ ಮೇಲೆ ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಸೋಪು ಹಚ್ಚಿ ಮೆಲ್ಲಗೆ ತೊಳೆಯಿರಿ. ಉಜ್ಜಬೇಡಿ. ಶುದ್ಧವಾದ ಬಟ್ಟೆಯಿಂದ ಒತ್ತಿ ಒರೆಸಿ. ಗಾಯಕ್ಕೆ ಎಣ್ಣೆ, ಅರಿಶಿನ, ವಿಭೂತಿ, ಪೌಡರ್, ಸೊಪ್ಪಿನ ರಸ ಏನೂ ಬೇಡ. ಕೆರೆ, ಹೊಳೆ ಸ್ನಾನ ಬೇಡ. ಮುಟ್ಟುವ ಮೊದಲು ಕೈ ತೊಳೆಯಿರಿ.

ಹೆಂಗಸರಿಗೆ ಇನ್ನೊಂದು ಮಾತು. ಇದನ್ನು ಯಾರೂ ಹೇಳುವುದಿಲ್ಲ. ಸ್ತನದ ಭಾರ ಗಾಯವನ್ನು ಎರಡೂ ಕಡೆ ಎಳೆಯುತ್ತದೆ. ಅದರಿಂದ ನೋವು ಹೆಚ್ಚುತ್ತದೆ. ಗಾಯ ಕೂಡುವುದು ತಡವಾಗುತ್ತದೆ. ಅದಕ್ಕೇ ಮೆತ್ತನೆಯ ಹತ್ತಿಯ ಒಳಕುಪ್ಪಸ ಹಾಕಿಕೊಳ್ಳಿ. ಮುಂದೆ ಗುಂಡಿ ಇರುವುದಾದರೆ ಕೈ ಹಿಂದಕ್ಕೆ ತಿರುಗಿಸಬೇಕಿಲ್ಲ. ಸ್ತನದ ಕೆಳಗೆ ಬೆವರು ನಿಲ್ಲದ ಹಾಗೆ ಒಣಗಿಸಿಕೊಳ್ಳಿ.

ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಕಾಲು ಸ್ವಲ್ಪ ಊದಿಕೊಳ್ಳುತ್ತದೆ. ಕೂತಾಗ ಕಾಲನ್ನು ಎತ್ತರಕ್ಕೆ ಇಡಿ. ಗಾಯದ ಅಕ್ಕಪಕ್ಕ ಜೋಮು ಹಿಡಿದ ಹಾಗೆ ಇರುತ್ತದೆ. ಎದೆಯ ಎಡಗಡೆಯೂ ಹಾಗೆ ಅನ್ನಿಸಬಹುದು. ತಿಂಗಳುಗಟ್ಟಲೆ ಇದ್ದು ಮೆಲ್ಲಗೆ ಕಡಿಮೆಯಾಗುತ್ತದೆ.

ಮನಸ್ಸಿಗೂ ಗಾಯ ಆಗಿರುತ್ತದೆ

ಮನೆಗೆ ಬಂದ ಮೇಲೆ ಊಟ ರುಚಿಸುವುದಿಲ್ಲ. ನಿದ್ದೆ ಬರುವುದಿಲ್ಲ. ಬಂದರೂ ಕೆಟ್ಟ ಕನಸು. ಹೇಳಿದ್ದು ಮರೆಯುತ್ತದೆ. ಸುಮ್ಮಸುಮ್ಮನೆ ಅಳು ಬರುತ್ತದೆ. ಎಂದೂ ಅಳದ ಗಂಡಸರೂ ಅಳುತ್ತಾರೆ. ಕೆಲವರು ಹೆಂಡತಿ ಮಕ್ಕಳ ಮೇಲೆ ಹಾರಾಡುತ್ತಾರೆ. ತಟ್ಟೆ ತಳ್ಳುತ್ತಾರೆ. ‘ನಾನು ಇನ್ನು ಯಾತಕ್ಕೂ ಬಾರದವನು’ ಅಂತಾರೆ.

ಇದು ಬಹಳ ಜನಕ್ಕೆ ಆಗುತ್ತದೆ. ಒಂದು ದಿನ ಚೆನ್ನಾಗಿರುತ್ತಾರೆ. ಮಾರನೆಯ ದಿನ ಕುಗ್ಗುತ್ತಾರೆ. ನಾಲ್ಕರಿಂದ ಆರು ವಾರದಲ್ಲಿ ಹೆಚ್ಚಿನವರು ಸರಿಯಾಗುತ್ತಾರೆ. ಹತ್ತಿರ ಕೂತು ಮಾತು ಕೇಳಿ. ಸಣ್ಣ ಕೆಲಸ ಕೊಡಿ. ಕಾಳು ಆರಿಸಲಿ, ಮೊಮ್ಮಗುವಿಗೆ ಕತೆ ಹೇಳಲಿ. ಆದರೂ ಎರಡು ವಾರಕ್ಕೂ ಮೀರಿ ದಿನಾ ಮಂಕಾಗಿದ್ದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ತಡ ಮಾಡದೆ ಡಾಕ್ಟರಿಗೆ ಹೇಳಿ. ಅದಕ್ಕೂ ಔಷಧಿ ಇದೆ.

ನೋಡಿಕೊಳ್ಳುವವಳ ಪಾಡೇನು? ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ದುಡಿತ. ನೆಂಟರು ನೋಡಲು ಬರುತ್ತಾರೆ. ಅವರಿಗೆ ಕಾಫಿ ತಿಂಡಿ ಮಾಡುವುದೂ ಅವಳೇ. ಮೊದಲ ಕೆಲವು ವಾರ ನೆಂಟರು ಕಡಿಮೆ ಬರಲಿ. ಕೆಮ್ಮು ನೆಗಡಿ ಇರುವವರು ಬೇಡವೇ ಬೇಡ. ಬರುವ ಅಕ್ಕತಂಗಿಯರು ಒಂದು ಪಾತ್ರೆ ಸಾರು ಮಾಡಿ ತರಲಿ. ಒಂದು ರಾತ್ರಿ ನೀವು ಕಾವಲು ಕೂತು ಅವಳಿಗೆ ನಿದ್ದೆ ಮಾಡಲು ಬಿಡಿ. ಮಹಿಳಾ ಸಂಘ ಇರುವುದು ಇದಕ್ಕೂ ಹೌದು.

ಗಂಡ ಹೆಂಡತಿ ಕೂಡುವ ವಿಚಾರ ಕೇಳಲು ಎಲ್ಲರಿಗೂ ನಾಚಿಕೆ. ನಾವೇ ಹೇಳಿಬಿಡುತ್ತೇವೆ. ಸಾಮಾನ್ಯವಾಗಿ ಆರರಿಂದ ಎಂಟು ವಾರದ ಮೇಲೆ, ಎರಡು ಮಹಡಿ ಮೆಟ್ಟಿಲು ಉಬ್ಬಸವಿಲ್ಲದೆ ಹತ್ತಲು ಆದಾಗ, ಡಾಕ್ಟರನ್ನು ಕೇಳಿ ಶುರುಮಾಡಬಹುದು. ಎದೆಯ ಮೇಲೆ ಭಾರ ಬೀಳಬಾರದು. ಹೆಂಡತಿಗೆ ಆಪರೇಷನ್ ಆಗಿದ್ದರೆ ಅವಳ ಮನಸ್ಸು ಒಪ್ಪಿದ ಮೇಲೆಯೇ. ಬಲವಂತ ಸಲ್ಲದು.

ಗುಳಿಗೆಯೇ ಕಾವಲು

ಆಪರೇಷನ್ ಆದರೆ ಕಾಯಿಲೆ ಬೇರುಸಹಿತ ಹೋಯಿತು ಅಂತ ತಿಳಿಯಬೇಡಿ. ಬೈಪಾಸ್ ಮಾಡಿದ ಹೊಸ ದಾರಿಯೂ ಕಟ್ಟಿಕೊಳ್ಳಬಹುದು. ರಕ್ತ ಹೆಪ್ಪುಗಟ್ಟದಿರುವ ಗುಳಿಗೆ, ಕೊಬ್ಬು ಇಳಿಸುವ ಗುಳಿಗೆ, ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ, ಇವನ್ನು ಡಾಕ್ಟರು ನಿಲ್ಲಿಸಿ ಅನ್ನುವವರೆಗೆ ನಿಲ್ಲಿಸಬಾರದು.

ಲೋಹದ ಕವಾಟ ಹಾಕಿದವರಿಗೆ ರಕ್ತ ತಿಳಿ ಮಾಡುವ ಗುಳಿಗೆ ಜೀವನಪೂರ್ತಿ ಬೇಕು. ವಾರ್ಫರಿನ್ ಅಂತ ಒಂದು, ಅಸಿಟ್ರಾಂ ಅಂತ ಇನ್ನೊಂದು. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಹೆಚ್ಚಿನವರಿಗೆ ಕೆಲವು ತಿಂಗಳು ಸಾಕು. ಆದರೆ ಆ ಕವಾಟ ವರ್ಷ ಕಳೆದ ಹಾಗೆ ಸವೆಯುತ್ತದೆ.

ಈ ಗುಳಿಗೆ ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು. ಹೆಚ್ಚಾದರೆ ರಕ್ತಸ್ರಾವ. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಅದರ ಹೆಸರು ಐಎನ್‌ಆರ್. ಆರೋಗ್ಯವಂತರಿಗೆ ಅದು ಸುಮಾರು 1 ಇರುತ್ತದೆ. ಲೋಹದ ಕವಾಟ ಇರುವವರಿಗೆ ಸಾಮಾನ್ಯವಾಗಿ 2ರಿಂದ 3.5ರ ಒಳಗೆ ಇರಬೇಕು. ನಿಮಗೆ ಎಷ್ಟು ಬೇಕು ಅಂತ ಡಾಕ್ಟರು ಹೇಳುತ್ತಾರೆ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ದಿನಾ ಒಂದೇ ಹೊತ್ತಿಗೆ ನುಂಗಿ. ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮಾರನೆಯ ದಿನ ಎರಡು ನುಂಗಬೇಡಿ. ಸೊಪ್ಪು ತಿನ್ನಬಾರದು ಅಂತಲ್ಲ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ತಿನ್ನಿ. ಮೈಕೈ ನೋವಿಗೆ ಅಂಗಡಿ ಗುಳಿಗೆ, ನಾಟಿ ಔಷಧಿ ನೀವೇ ತೆಗೆದುಕೊಳ್ಳಬೇಡಿ. ಹಲ್ಲು ಕೀಳಿಸುವ ಮೊದಲು, ಸೂಜಿ ಚುಚ್ಚಿಸಿಕೊಳ್ಳುವ ಮೊದಲು ‘ನನಗೆ ಕವಾಟ ಹಾಕಿದೆ’ ಅಂತ ಹೇಳಿ.

ವಯಸ್ಸಿನ ಹೆಣ್ಣುಮಕ್ಕಳು ಇದನ್ನು ಎರಡು ಸಲ ಓದಿ. ಈ ಗುಳಿಗೆ ಹೊಟ್ಟೆಯ ಕೂಸಿಗೆ ಕೆಡುಕು ಮಾಡಬಹುದು. ಮಗು ಬೇಕು ಅನ್ನಿಸಿದರೆ ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಮುಟ್ಟು ನಿಂತರೆ ತಕ್ಷಣ ಹೋಗಿ. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಮುಟ್ಟಿನಲ್ಲಿ ರಕ್ತ ಬಹಳ ಹೋದರೂ ತಿಳಿಸಿ.

ಊಟದಲ್ಲಿ ಉಪ್ಪು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ. ಕರಿದದ್ದು ಕಡಿಮೆ. ರಾಗಿ, ಕಾಳು, ತರಕಾರಿ ಒಳ್ಳೆಯದು. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ಪೂರ್ತಿ ಬಿಡಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯರಿಗೂ ಇದೇ ಮಾತು.

ತಡ ಮಾಡದೆ ಹೊರಡಿ

ಈ ಗುರುತು ಕಂಡರೆ ಕಾಯಬೇಡಿ.

ಗಾಯದಲ್ಲಿ ಕೀವು, ಕೆಂಪು, ಊತ.
ಜ್ವರ 100.4ಕ್ಕಿಂತ ಮೇಲೆ.
ಎದೆಮೂಳೆ ಕಟಕ್ ಅಂತ ಅಲ್ಲಾಡಿದ ಹಾಗೆ ಆಗುವುದು.
ಒಂದೆರಡು ದಿನದಲ್ಲೇ ತೂಕ ಒಂದೂವರೆ ಕಿಲೋ ಏರುವುದು, ಎರಡೂ ಕಾಲು ಊದುವುದು.
ಒಸಡು, ಮೂಗಿನಿಂದ ರಕ್ತ. ಮಲ ಟಾರಿನ ಹಾಗೆ ಕಪ್ಪಾಗುವುದು.

ಇವಕ್ಕೆ ಅದೇ ದಿನ ಡಾಕ್ಟರನ್ನು ಕಾಣಿ. ಇನ್ನು ಕೆಳಗಿನವಕ್ಕೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ.

ಮಲಗಲಾಗದಷ್ಟು ಉಬ್ಬಸ.
ಎದೆ ಹಿಂಡಿದ ಹಾಗೆ ನೋವು.
ಎದೆ ವಿಪರೀತ ಹೊಡೆದುಕೊಂಡು ತಲೆ ಸುತ್ತುವುದು.
ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಕಾಲು ಬಿದ್ದುಹೋಗುವುದು.
ನಿಲ್ಲದ ರಕ್ತಸ್ರಾವ.
ಕವಾಟದ ಟಿಕ್ ಟಿಕ್ ಶಬ್ದ ಇದ್ದಕ್ಕಿದ್ದ ಹಾಗೆ ಮಂದವಾಗುವುದು ಅಥವಾ ನಿಲ್ಲುವುದು.

ದುಡ್ಡಿನ ಭಯದಿಂದ ತಡ ಮಾಡಬೇಡಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸರಕಾರದ್ದು. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಇರುತ್ತಾರೆ. ಅವರನ್ನು ಕೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ.

ನಿಮ್ಮ ಅಕ್ಷರ ಇಲ್ಲಿ ಬೇಕು

ಗುಳಿಗೆ ಪಟ್ಟಿಯ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ನೀವು ಕಲಿತಿರುವುದು ಕನ್ನಡ. ಹಾಗಂತ ಕೈಚೆಲ್ಲಬೇಡಿ. ಅಂಕಿ ನಿಮಗೆ ಬರುತ್ತದೆ. ಒಂದೇ ಹೆಸರಿನ ಗುಳಿಗೆ 1, 2, 3, 4 ಮಿಲಿಗ್ರಾಂ ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. 2ರ ಬದಲು 4 ನುಂಗಿದರೆ ಅಪಾಯ. ಅಂಗಡಿಯಲ್ಲಿ ಹಳೆಯ ಖಾಲಿ ಪಟ್ಟಿ ತೋರಿಸಿ. ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಹೊಂದಿಸಿ ನೋಡಿ. ಮುಗಿಯುವ ತಾರೀಕು ನೋಡಿ. ಲಕೋಟೆಯ ಮೇಲೆ ‘ಬೆಳಿಗ್ಗೆ 1, ರಾತ್ರಿ 1’ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಆಸ್ಪತ್ರೆಯಿಂದ ಹೊರಡುವಾಗ ‘ಸಿಸ್ಟರ್, ಕನ್ನಡದಲ್ಲಿ ಬರೆದುಕೊಡಿ’ ಅಂತ ಕೇಳಿ. ನಾವು ಅವಸರದಲ್ಲಿ ಇದ್ದರೂ ಬಿಡಬೇಡಿ. ಕೇಳುವುದು ನಿಮ್ಮ ಹಕ್ಕು.

ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಇಷ್ಟು ಬರೆಯಿರಿ: ಆಪರೇಷನ್ ಆದ ತಾರೀಕು, ಗುಳಿಗೆಯ ಹೆಸರು ಮತ್ತು ಅಳತೆ, ದಿನದ ತೂಕ, ಐಎನ್‌ಆರ್ ಅಂಕಿ, ಮುಂದೆ ಆಸ್ಪತ್ರೆಗೆ ಹೋಗುವ ತಾರೀಕು, ಆಸ್ಪತ್ರೆಯ ಫೋನ್ ನಂಬರು.

ಮೊದಲು ಹೇಳಿದ ಆ ಅಕ್ಕ ಈಗಲೂ ಪರೀಕ್ಷೆಗೆ ಬರುತ್ತಾರೆ. ಕೈಯಲ್ಲಿ ಒಂದು ನೋಟ್‌ಬುಕ್. ಮೊದಮೊದಲು ಸೊಸೆ ಬರೆಯುತ್ತಿದ್ದಳು. ಆಮೇಲೆ ಅವಳೇ ಅತ್ತೆಗೆ ಅಂಕಿ ಕಲಿಸಿದಳು. ಈಗ ಆ ಪುಸ್ತಕದಲ್ಲಿ ಸೊಟ್ಟ ಸೊಟ್ಟ ದೊಡ್ಡ ಅಂಕಿಗಳಿವೆ. 2.8, 3.1, 2.6. ಕಳೆದ ಸಲ ಅವರು ಕೇಳಿದರು: ‘ಸಿಸ್ಟರ್, ನೀವು 2.4 ಅಂದ್ರಿ. ನನಗೆ ಎರಡೂವರೆ ಮೇಲಿರಬೇಕು ಅಂತ ಬರೆದಿದ್ದಾರೆ. ಅಳತೆ ಬದಲಾಯಿಸ್ತೀರಾ, ಡಾಕ್ಟರನ್ನ ಕೇಳ್ತೀರಾ?’ ನಾವು ಹೋಗಿ ಡಾಕ್ಟರನ್ನು ಕೇಳಿದೆವು. ಅಳತೆ ಬದಲಾಯಿತು.

ಇಷ್ಟೇ ನಮ್ಮ ಮಾತು. ಇದನ್ನು ಓದಿ. ಓದಲು ಬಾರದವರಿಗೆ ಓದಿ ಹೇಳಿ.

ನೀವೇ ಹೇಳಿ

1. ಎದೆಮೂಳೆ ಗಟ್ಟಿಯಾಗಲು ಎಷ್ಟು ತಿಂಗಳು ಬೇಕು?
2. ಕೆಮ್ಮುವಾಗ ದಿಂಬನ್ನು ಯಾಕೆ ಅಪ್ಪಿಕೊಳ್ಳಬೇಕು?
3. ನಿಮ್ಮ ಮನೆಯ ಬಿಂದಿಗೆ ಎಷ್ಟು ಲೀಟರಿನದು? ತುಂಬಿದರೆ ಎಷ್ಟು ಕಿಲೋ?
4. ಆ ಮನೆಯ ಸೊಸೆ ಯಾವ ಗುರುತಿನಿಂದ ಅಪಾಯ ತಿಳಿದಳು?
5. ನಿಮ್ಮ ಊರಿನಲ್ಲಿ ಎದೆ ಆಪರೇಷನ್ ಆದವರು ಇದ್ದಾರೆಯೇ? ಅವರ ಮನೆಗೆ ನಿಮ್ಮ ಸಂಘ ಏನು ಸಹಾಯ ಮಾಡಬಹುದು? ಕೂತು ಮಾತಾಡಿ.